ಗೇಜ್ ಹಾಕದೆ ಇಂಜಿನ್ ಇಳಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತು ಗಂಟೆಗಟ್ಟಲೆ ಸಂಚಾರ ಬಂದ್ ಆಯಿತು ಅನ್ನುವ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಲಾರಿ ಯಾಕೆ ಕೆಟ್ಟಿತು ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ. ಓದಿದವರು ಡ್ರೈವರ್‌ನನ್ನು ಬೈದುಕೊಳ್ಳುತ್ತಾರೆ, ಇಲ್ಲವೇ ಓವರ್‌ಲೋಡ್ ಅಂತ ತೀರ್ಮಾನ ಮಾಡಿ ಪುಟ ತಿರುಗಿಸುತ್ತಾರೆ. ನಾನು ಚಿತ್ರದುರ್ಗದ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಡೀಸೆಲ್ ಲಾರಿ ರಿಪೇರಿ ಮಾಡುವವನು. ಬೆಂಗಳೂರು–ಪುಣೆ ರಸ್ತೆಯ ಲಾರಿಗಳು, ಹೊಸಪೇಟೆ ಕಡೆಯ ಅದಿರು ಲಾರಿಗಳು, ಗಂಗಾವತಿ ಸಿಂಧನೂರಿನ ಅಕ್ಕಿ ಲಾರಿಗಳು ಎಲ್ಲವೂ ನಮ್ಮ ಕಡೆ ಹಾದು ಹೋಗುತ್ತವೆ. ದಾರಿ ಮಧ್ಯೆ ಲಾರಿ ಯಾಕೆ ನಿಲ್ಲುತ್ತದೆ ಅನ್ನೋದನ್ನು ನನ್ನ ಕೆಲಸದ ಅನುಭವದಿಂದ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ, ಆದರೂ ದಯವಿಟ್ಟು ಪೂರ್ತಿ ಓದಿ.

ಲಾರಿ ಮಾಲೀಕನನ್ನು ಸಾಲಕ್ಕೆ ತಳ್ಳುವ ಕಾಯಿಲೆಗಳಲ್ಲಿ ಎರಡು ದೊಡ್ಡವು. ಒಂದು ಡೀಸೆಲ್ ಪ್ರೆಶರ್ ಇಳಿಯೋದು. ಇನ್ನೊಂದು ಇಂಜಿನ್ ಆಯಿಲ್ ಪ್ರೆಶರ್ ಇಳಿಯೋದು. ಎರಡಕ್ಕೂ ಮೊದಲು ಬೇಕಾದದ್ದು ಒಂದು ಒಳ್ಳೆ ಗೇಜ್, ಅಂದರೆ ಒತ್ತಡ ಅಳೆಯುವ ಮೀಟರ್, ಮತ್ತು ಅರ್ಧ ದಿನದ ತಾಳ್ಮೆ. ಆದರೆ ಬಹಳ ಕಡೆ ನಡೆಯುತ್ತಿರುವುದೇ ಬೇರೆ. ಇಂಜಿನ್ನಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕುತ್ತಾರೆ, ದೂರಿನ ಕೋಡ್ ಬರುತ್ತದೆ, ಕೋಡ್ ನೋಡಿ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬದಲಿಸುತ್ತಾರೆ. ಸರಿಹೋಗಲಿಲ್ಲ ಅಂದರೆ ಪಂಪ್ ಬದಲಿಸುತ್ತಾರೆ. ಆಯಿಲ್ ಲೈಟ್ ಮಿಣುಕಿದರೆ, ಇಂಜಿನ್ನಿನ ಮುಖ್ಯ ಶಾಫ್ಟ್ (ಕ್ರ್ಯಾಂಕ್) ತಿರುಗುವ ಬೇರಿಂಗ್ ಹೋಗಿದೆ ಅಂತ ಹೇಳಿ ಇಂಜಿನ್ ಇಳಿಸಿಯೇ ಬಿಡುತ್ತಾರೆ. ಎಲ್ಲಿ ಎಷ್ಟು ಪ್ರೆಶರ್ ಇದೆ ಅಂತ ಅಳೆದು ನೋಡುವವರು ಕಡಿಮೆ. ಅಳೆಯದೆ ಬಿಚ್ಚುವ ಈ ಚಾಳಿ ನಿಲ್ಲಬೇಕು ಅನ್ನೋದಕ್ಕೇ ಈ ಪತ್ರ.

ಮೊದಲು ಡೀಸೆಲ್ ವಿಷಯ. ಹಳೆ ಲಾರಿಗಳಲ್ಲಿ ಇದ್ದದ್ದು ಇನ್‌ಲೈನ್ ಪಂಪ್, ಅಂದರೆ ಒಂದೊಂದು ಸಿಲಿಂಡರಿಗೂ ಬೇರೆ ಬೇರೆ ಪೈಪಿನಲ್ಲಿ ಡೀಸೆಲ್ ತಳ್ಳುವ ಪಂಪ್. ನಮ್ಮ ಜನಕ್ಕೆ ಅದು ಇವತ್ತಿಗೂ ಮೈಕೋ ಪಂಪ್. ಮೈಕೋ ಕಂಪನಿ ಶುರುವಾದದ್ದು 1951ರಲ್ಲಿ, ಅದರ ಕಾರ್ಖಾನೆ ಬಂದದ್ದು ಬೆಂಗಳೂರಿನಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಅಂತ ಆಯಿತು. ನಮ್ಮ ರಾಜ್ಯದ ಎಷ್ಟೋ ಮೇಸ್ತ್ರಿಗಳು ಆ ಪಂಪುಗಳನ್ನು ಬಿಚ್ಚಿ ಜೋಡಿಸಿಯೇ ಕೆಲಸ ಕಲಿತವರು. ಆ ಕಾಲದ ನಾಝಲ್, ಅಂದರೆ ಡೀಸೆಲ್ ಚಿಮ್ಮುವ ಮೂತಿ, ತೆರೆಯುವ ಒತ್ತಡ ಸುಮಾರು 200ರಿಂದ 250 ಬಾರ್ (ಬಾರ್ ಅನ್ನೋದು ಒತ್ತಡದ ಅಳತೆ). ಡೀಸೆಲ್‌ನಲ್ಲಿ ಏರ್ ಹಿಡಿದರೆ ಪೈಪ್ ನಟ್ ಸಡಿಲ ಮಾಡಿ, ಸೆಲ್ಫ್ ಹೊಡೆದು, ಏರ್ ತೆಗೆದು ಮತ್ತೆ ಬಿಗಿ ಮಾಡಿದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಕಿವಿಯಲ್ಲಿ ಕೇಳಿ, ಪೈಪ್ ಮುಟ್ಟಿ ನೋಡಿ ಯಾವ ಸಿಲಿಂಡರ್ ಮಿಸ್ ಹೊಡೀತಾ ಇದೆ ಅಂತ ಹೇಳಬಹುದಿತ್ತು.

ಈಗ ಬರುವುದು ಕಾಮನ್ ರೈಲ್. ಪಂಪ್ ಡೀಸೆಲನ್ನು ಒಂದು ದಪ್ಪ ಉಕ್ಕಿನ ಕೊಳವೆಗೆ ತುಂಬಿಸುತ್ತದೆ, ಅದೇ ರೈಲು. ಅಲ್ಲಿಂದ, ಆರು ಸಿಲಿಂಡರಿನ ಇಂಜಿನ್ ಆದರೆ, ಆರೂ ಇಂಜೆಕ್ಟರ್‌ಗಳಿಗೆ ಪೈಪ್ ಹೋಗುತ್ತದೆ. ಲೋಡ್ ಮೇಲೆ ಘಾಟಿ ಹತ್ತುವಾಗ ಆ ರೈಲಿನಲ್ಲಿ 1,600 ಬಾರ್, ಕೆಲವು ಇಂಜಿನ್‌ಗಳಲ್ಲಿ ಅದಕ್ಕೂ ಜಾಸ್ತಿ ಒತ್ತಡ ಇರುತ್ತದೆ. ಲಾರಿ ಟೈರಿನಲ್ಲಿ ನಾವು ಹಿಡಿಸುವ ಗಾಳಿ 8 ಬಾರ್ ಆಸುಪಾಸು. ಅದರ ಇನ್ನೂರು ಪಟ್ಟು ಅಂದರೆ ಎಷ್ಟು ಅಂತ ಅಂದಾಜು ಮಾಡಿಕೊಳ್ಳಿ.

ಅದಕ್ಕೇ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಬಾಕಿದ್ದೆಲ್ಲ ಆಮೇಲೆ. ಹಳೆ ಅಭ್ಯಾಸದಲ್ಲಿ ಕಾಮನ್ ರೈಲ್ ಗಾಡಿಯ ಪೈಪ್ ನಟ್ ಸಡಿಲ ಮಾಡಬೇಡಿ, ಇಂಜಿನ್ ಓಡುತ್ತಿರುವಾಗ ಖಂಡಿತ ಬೇಡ. ಆಫ್ ಮಾಡಿದ ಮೇಲೂ ಕಂಪನಿ ಹೇಳಿದಷ್ಟು ಹೊತ್ತು ಕಾದು, ರೈಲಿನ ಒತ್ತಡ ಇಳಿದಿದೆ ಅಂತ ಸ್ಕ್ಯಾನರ್‌ನಲ್ಲಿ ನೋಡಿ ಆಮೇಲೆ ಕೈ ಹಾಕಿ. ಲೀಕ್ ಎಲ್ಲಿದೆ ಅಂತ ಬೆರಳಿನಿಂದ ತಡವಬೇಡಿ, ಒಂದು ರಟ್ಟಿನ ತುಂಡು ಹಿಡಿಯಿರಿ. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ನೋಡಿದರೆ ಸೂಜಿ ಚುಚ್ಚಿದ ಗುರುತು ಅಷ್ಟೇ, ರಕ್ತ ಕೂಡ ಬರುವುದಿಲ್ಲ. ಶುರುವಿನಲ್ಲಿ ನೋವೂ ಅಷ್ಟಿರುವುದಿಲ್ಲ. ಒಳಗೆ ಮಾತ್ರ ಡೀಸೆಲ್ ಹರಡಿ ಮಾಂಸವನ್ನು ಕೊಲ್ಲುತ್ತಾ ಹೋಗುತ್ತದೆ. ಬ್ಯಾಂಡೇಜ್ ಸುತ್ತಿಕೊಂಡು ಕೆಲಸ ಮುಂದುವರಿಸಿದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, 'ಹೈ ಪ್ರೆಶರ್ ಡೀಸೆಲ್ ಕೈಯೊಳಗೆ ಹೋಗಿದೆ' ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಬೇಕು. ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರಿಗೆ ಯಾರೂ ಇದನ್ನು ಹೇಳುತ್ತಿಲ್ಲ. ನನಗೆ ನಿಜಕ್ಕೂ ಭಯ ಆಗೋದು ಇದೊಂದೇ ವಿಷಯಕ್ಕೆ.

ಈಗ ಕೋಡ್ ವಿಷಯಕ್ಕೆ ಬರೋಣ. ಲಾರಿಗಳ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಎಸ್‌ಪಿಎನ್ ಅನ್ನುವ ನಂಬರಿನಲ್ಲಿ ದೂರು ಹೇಳುತ್ತದೆ. 157 ಅಂದರೆ ರೈಲ್ ಪ್ರೆಶರ್. 94 ಅಂದರೆ ಪಂಪಿಗೆ ಹೋಗುವ ಡೀಸೆಲ್ ಒತ್ತಡ. 100 ಅಂದರೆ ಆಯಿಲ್ ಪ್ರೆಶರ್. ಸಣ್ಣ ಗಾಡಿಗಳ ಸ್ಕ್ಯಾನರ್‌ನಲ್ಲಿ ರೈಲ್ ಪ್ರೆಶರ್ ಕಡಿಮೆ ಇದ್ದರೆ ಪಿ0087, ಆಯಿಲ್ ಪ್ರೆಶರ್ ಕಡಿಮೆ ಇದ್ದರೆ ಪಿ0524 ಅಂತ ಬರುತ್ತದೆ. ಸ್ಕ್ಯಾನರ್ ಹೇಳುವುದು 'ಇಲ್ಲಿ ಒತ್ತಡ ಕಡಿಮೆ ಇದೆ' ಅಂತ ಮಾತ್ರ. ಯಾವ ಪಾರ್ಟ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ. ರೈಲ್ ಪ್ರೆಶರ್ ಕಡಿಮೆ ಅಂತ ಬಂದರೆ ಕಾರಣ ಟ್ಯಾಂಕಿನ ಜಾಲರಿಯಲ್ಲಿ ಸಿಕ್ಕಿದ ಕಸವೂ ಇರಬಹುದು, ಲಕ್ಷ ರೂಪಾಯಿ ಹತ್ತಿರದ ಪಂಪೂ ಇರಬಹುದು. ಹುಡುಕೋದನ್ನು ಕಡಿಮೆ ಖರ್ಚಿನ ಕಡೆಯಿಂದ ಶುರು ಮಾಡಬೇಕಲ್ವಾ?

ಹಾಗಾಗಿ ಟ್ಯಾಂಕಿನಿಂದಲೇ ಹೊರಡಬೇಕು. ಟ್ಯಾಂಕ್ ಕ್ಯಾಪಿನ ಗಾಳಿ ರಂಧ್ರ ಮುಚ್ಚಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಡೀಸೆಲ್ ಎಳೆದು ಮುಂದಕ್ಕೆ ತಳ್ಳುವ ಫೀಡ್ ಪಂಪ್ ಎಳೆಯಲಾರದೆ ಸೋಲುತ್ತದೆ. ಕ್ಯಾಪ್ ತೆಗೆದಾಗ 'ಸುಯ್' ಅಂತ ಗಾಳಿ ಒಳಗೆ ಎಳೆದುಕೊಂಡರೆ ರೋಗ ಅಲ್ಲೇ ಸಿಕ್ಕಿತು. ಆಮೇಲೆ ಡೀಸೆಲಿನಿಂದ ನೀರು ಬೇರೆ ಮಾಡುವ ವಾಟರ್ ಸೆಪರೇಟರ್. ಮಳೆಗಾಲದಲ್ಲಿ ಅದರ ಕೆಳಗಿನ ಬಟ್ಟಲಿನಲ್ಲಿ ನೀರು ಕೂತಿರುತ್ತದೆ. ಒಂದು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಬಿಟ್ಟರೆ ನೀರು ತಳಕ್ಕೆ, ಡೀಸೆಲ್ ಮೇಲಕ್ಕೆ. ಕಪ್ಪು ಲೋಳೆ ಬಂದರೆ ಟ್ಯಾಂಕಿನಲ್ಲಿ ನೀರು ಬಹಳ ದಿನದಿಂದ ನಿಂತು ಸೂಕ್ಷ್ಮಜೀವಿ ಬೆಳೆದಿದೆ ಅಂತ ಅರ್ಥ. ಆಗ ಫಿಲ್ಟರ್ ಎಷ್ಟು ಸಲ ಬದಲಿಸಿದರೂ ಉಪಯೋಗವಿಲ್ಲ, ಟ್ಯಾಂಕ್ ಇಳಿಸಿ ತೊಳೆಯಲೇಬೇಕು.

ಆಮೇಲೆ ಗಾಳಿ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಪೈಪಿನಲ್ಲಿ ಡೀಸೆಲನ್ನು ಎಳೆಯಲಾಗುತ್ತದೆ, ತಳ್ಳುವುದಲ್ಲ. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿಯೇ ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಣಗಿರುತ್ತದೆ, ಲೀಕೇ ಇಲ್ಲ ಅನ್ನಿಸುತ್ತದೆ. ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊಡೆಯಬೇಕು, ಒಮ್ಮೆ ಹಿಡಿದ ಮೇಲೆ ದಿನವೆಲ್ಲ ಓಡುತ್ತದೆ ಅನ್ನುವ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು. ಫೀಡ್ ಪಂಪಿಗೆ ಮೊದಲು ಒಂದು ಅಡಿ ಪಾರದರ್ಶಕ ಪೈಪ್ ಸೇರಿಸಿ ಇಂಜಿನ್ ಓಡಿಸಿ ನೋಡಿ. ಗುಳ್ಳೆಗಳು ಸಾಲಾಗಿ ಓಡುತ್ತಿದ್ದರೆ ಯಾವ ಸ್ಕ್ಯಾನರೂ ಬೇಡ. ಪೈಪ್ ಕೂಡಿಸುವ ಬ್ಯಾಂಜೋ ಬೋಲ್ಟಿನ ಹಳೆ ಕಾಪರ್ ವಾಷರನ್ನೇ ಮತ್ತೆ ಹಾಕಿರುತ್ತಾರೆ, ಇಲ್ಲ ಏರ್ ತೆಗೆಯುವ ಕೈಪಂಪಿನ ಸೀಲ್ ಹೋಗಿರುತ್ತದೆ. ವಾಷರ್ ಬೆಲೆ ಒಂದು ಟೀ ಬೆಲೆ. ಅದಕ್ಕೆ ಇಂಜೆಕ್ಟರ್ ಸೆಟ್ ಬದಲಿಸಿಕೊಂಡು ಬಂದ ಗಾಡಿಯನ್ನು ಕಣ್ಣಾರೆ ನೋಡಿದ್ದೇನೆ. ಆ ಮಾಲೀಕ ಒಂದೇ ಲಾರಿಯವನು. ಕಂತು ಕಟ್ಟೋಕೆ ಹೆಂಡತಿಯ ಬಳೆ ಒತ್ತೆ ಇಟ್ಟಿದ್ದ. ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಗಾಳಿ ಇಲ್ಲ, ನೀರೂ ಇಲ್ಲ, ಆದರೂ ಪಿಕಪ್ ಇಲ್ಲ ಅಂದರೆ ಎರಡು ಗೇಜ್ ಬೇಕು. ಎಳೆಯುವ ಕಡೆ ಒಂದು ವ್ಯಾಕ್ಯೂಮ್ ಗೇಜ್, ಫಿಲ್ಟರ್ ಆದಮೇಲೆ ಒಂದು ಪ್ರೆಶರ್ ಗೇಜ್. ಎಳೆಯುವ ಕಡೆ ನಿರ್ವಾತ ಜಾಸ್ತಿ ತೋರಿಸಿದರೆ ಪೈಪ್ ಎಲ್ಲೋ ಮಡಚಿದೆ ಅಥವಾ ಕಟ್ಟಿದೆ. ಎಳೆಯುವ ಕಡೆ ಸರಿ ಇದ್ದು ತಳ್ಳುವ ಕಡೆ ಕಡಿಮೆ ಇದ್ದರೆ ಫೀಡ್ ಪಂಪ್ ಸವೆದಿದೆ, ಇಲ್ಲ ಫಿಲ್ಟರ್ ಕಟ್ಟಿದೆ. ಎಷ್ಟಿರಬೇಕು ಅನ್ನೋದು ಒಂದೊಂದು ಇಂಜಿನ್‌ಗೆ ಒಂದೊಂದು ಥರ. ಅದನ್ನು ಆ ಇಂಜಿನ್ನಿನ ಕೈಪಿಡಿಯಲ್ಲೇ ನೋಡಬೇಕು, ಬಾಯಿಮಾತಿನ ಲೆಕ್ಕ ನಡೆಯಲ್ಲ. ಗೇಜ್ ಹಾಕಿಕೊಂಡೇ ಲೋಡ್ ಮೇಲೆ ಒಂದು ರೌಂಡ್ ಓಡಿಸುವುದು ಇನ್ನೂ ಒಳ್ಳೆಯದು. ನಿಂತಲ್ಲೇ ರೇಸ್ ಕೊಟ್ಟಾಗ ಸರಿ ಇರುವ ಗಾಡಿ ಏರಿನಲ್ಲಿ ಸೋಲುವುದು ಬಹಳ ಸಾಮಾನ್ಯ.

ಇಷ್ಟೂ ಸರಿ ಇದ್ದರೆ ಮಾತ್ರ ಹೈ ಪ್ರೆಶರ್ ಕಡೆಗೆ ಹೋಗಬೇಕು. ಸ್ಕ್ಯಾನರ್‌ನಲ್ಲಿ ಇಸಿಎಂ ಎಷ್ಟು ಒತ್ತಡ ಕೇಳುತ್ತಿದೆ, ನಿಜಕ್ಕೂ ಎಷ್ಟು ಬರುತ್ತಿದೆ ಅನ್ನುವ ಎರಡೂ ಸಂಖ್ಯೆ ಪಕ್ಕಪಕ್ಕ ಕಾಣುತ್ತವೆ. ಸೆಲ್ಫ್ ಹೊಡೆಯುವಾಗ ರೈಲಿನಲ್ಲಿ ಒಂದು ಮಟ್ಟದ ಒತ್ತಡ ಕಟ್ಟದೆ ಇದ್ದರೆ, ಬಹಳಷ್ಟು ಇಂಜಿನ್‌ಗಳಲ್ಲಿ ಇದು 200 ಬಾರ್ ಆಸುಪಾಸು, ಇಸಿಎಂ ಇಂಜೆಕ್ಟರ್ ತೆರೆಯುವುದೇ ಇಲ್ಲ. ಡ್ರೈವರ್ ಬ್ಯಾಟರಿ ಮುಗಿಯುವವರೆಗೆ ಸುಮ್ನೆ ಸೆಲ್ಫ್ ಹೊಡೀತಾ ಇರ್ತಾನೆ. ಆ ಒತ್ತಡ ಎಲ್ಲೋ ಸೋರಿ ವಾಪಸ್ ಟ್ಯಾಂಕಿಗೆ ಹೋಗುತ್ತಿರುತ್ತದೆ. ಎಲ್ಲಿ ಅಂತ ಹುಡುಕೋದೇ ನಮ್ಮ ಕೆಲಸ.

ಇಂಜೆಕ್ಟರಿನಲ್ಲಿ ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪ್ ಹೊರಗೆ ಇರುವ ಇಂಜಿನ್‌ಗಳಲ್ಲಿ ಈ ಪರೀಕ್ಷೆ ಬಹಳ ಸುಲಭ. ಪ್ರತಿ ಇಂಜೆಕ್ಟರಿನ ರಿಟರ್ನ್‌ಗೂ ಒಂದೊಂದು ಸಣ್ಣ ಪೈಪ್ ಹಾಕಿ, ಗುರುತು ಇರುವ ಒಂದೇ ಥರದ ಆರು ಬಾಟಲಿಗಳಿಗೆ ಬಿಡಬೇಕು. ಸ್ವಲ್ಪ ಹೊತ್ತು ಇಂಜಿನ್ ಓಡಿಸಬೇಕು, ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆಯಬೇಕು. ಐದು ಬಾಟಲಿಗಳ ತಳ ಒಂದಿಷ್ಟು ಒದ್ದೆಯಾಗುವಷ್ಟರಲ್ಲಿ ಆರನೆಯದು ಅರ್ಧಕ್ಕೆ ಬಂದಿರುತ್ತದೆ. ನೋಡುತ್ತಿರುವ ಮಾಲೀಕನಿಗೆ ಯಾರೂ ವಿವರಿಸಬೇಕಾಗಿಲ್ಲ, ತಾನೇ ಬೆರಳು ತೋರಿಸುತ್ತಾನೆ. ಆರೂ ಇಂಜೆಕ್ಟರ್ ಬದಲಿಸುವ ಬದಲು ಒಂದು ಬದಲಿಸಿದರೆ ಆಯಿತು, ಉಳಿದ ಐದನ್ನು ಬೆಂಚಿನಲ್ಲಿ ಚೆಕ್ ಮಾಡಿಸಬಹುದು. ರಿಟರ್ನ್ ಇಂಜಿನ್ನಿನ ಮೇಲ್ಭಾಗದ ಹೆಡ್ಡಿನ ಒಳಗೇ ಹಾದು ಹೋಗುವ ಇಂಜಿನ್‌ಗಳಲ್ಲಿ ಹೀಗೆ ಬಾಟಲಿ ಹಿಡಿಯೋಕೆ ಆಗಲ್ಲ. ಅಲ್ಲಿ ಅದಕ್ಕೆಂದೇ ಬರುವ ಕ್ಯಾಪ್ ಹಾಕಿ ಒಂದೊಂದೇ ಇಂಜೆಕ್ಟರ್ ಲೈನನ್ನು ರೈಲಿನಲ್ಲಿ ಮುಚ್ಚಿ, ಯಾವುದನ್ನು ಮುಚ್ಚಿದಾಗ ಒತ್ತಡ ಕಟ್ಟುತ್ತದೆ ಅಂತ ನೋಡಬೇಕು. ರೈಲಿನ ತುದಿಯಲ್ಲಿರುವ, ಮಿತಿ ಮೀರಿದ ಒತ್ತಡ ಹೊರಬಿಡುವ ಪ್ರೆಶರ್ ಲಿಮಿಟರ್ ವಾಲ್ವಿನ ರಿಟರ್ನನ್ನೂ ಮರೆಯದೆ ಬಿಚ್ಚಿ ನೋಡಬೇಕು. ಅದು ಸೋರುತ್ತಿದ್ದರೂ ಪಂಪ್ ಕೆಟ್ಟಂತೆಯೇ ಕಾಣುತ್ತದೆ.

ಇಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿದರೆ ಸ್ಟಾರ್ಟ್ ಆಗಲ್ಲ, ತಣ್ಣಗಾದರೆ ಆಗುತ್ತದೆ ಅನ್ನುವ ದೂರು ಬಂದರೆ ನನ್ನ ಅನುಮಾನ ಸವೆದ ಇಂಜೆಕ್ಟರ್ ಇಲ್ಲವೇ ಪಂಪ್ ಮೇಲೆ. ಬಿಸಿಯಲ್ಲಿ ಡೀಸೆಲ್ ತೆಳ್ಳಗಾಗುತ್ತದೆ, ಸವೆದ ಸಂದಿನಲ್ಲಿ ಜಾಸ್ತಿ ಸೋರುತ್ತದೆ. ಇನ್ನೊಂದು, ಹೊಸ ಇಂಜೆಕ್ಟರ್ ಹಾಕಿದ ಮೇಲೆ ಅದರ ಮೇಲಿರುವ ಕೋಡನ್ನು ಇಸಿಎಂಗೆ ಬರೆಯಬೇಕಾದ ಇಂಜಿನ್‌ಗಳಿವೆ. ಬರೆಯದೆ ಬಿಟ್ಟರೆ ಹೊಸ ಇಂಜೆಕ್ಟರ್ ಹಾಕಿದರೂ ಇಂಜಿನ್ ನಡುಗುತ್ತದೆ, ಹೊಗೆ ಬಿಡುತ್ತದೆ, ಇಂಜೆಕ್ಟರೇ ಸರಿಯಿಲ್ಲ ಅಂತ ವಾಪಸ್ ಬರುತ್ತದೆ.

ಇನ್ನು ಆಯಿಲ್ ಪ್ರೆಶರ್. ಇದು ಇನ್ನೂ ಮುಖ್ಯ. ಡೀಸೆಲ್ ಪ್ರೆಶರ್ ಇಲ್ಲದಿದ್ದರೆ ಗಾಡಿ ನಿಲ್ಲುತ್ತದೆ ಅಷ್ಟೇ. ಆಯಿಲ್ ಪ್ರೆಶರ್ ಇಲ್ಲದೆ ಓಡಿಸಿದರೆ ಕ್ರ್ಯಾಂಕ್ ಹೋಗುತ್ತದೆ. ರೆಡ್ ಲೈಟ್ ಬಂದಾಗ 'ಇನ್ನೇನು ಹತ್ತು ಕಿಲೋಮೀಟರ್, ಊರಿಗೆ ಬಂದುಬಿಡು' ಅಂತ ಫೋನಿನಲ್ಲಿ ಹೇಳುವ ಓನರ್‌ಗಳಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಡ್ರೈವರ್ ತಕ್ಷಣ ಪಕ್ಕಕ್ಕೆ ಹಾಕಿ ಆಫ್ ಮಾಡಬೇಕು, ಹಾಗೆ ಮಾಡಿದವನನ್ನು ಯಾರೂ ಬೈಯಬಾರದು. ಟೋಯಿಂಗ್ ಖರ್ಚು ಕ್ರ್ಯಾಂಕಿನ ಖರ್ಚಿನ ಮುಂದೆ ಏನೂ ಅಲ್ಲ.

ಆದರೆ ಲೈಟ್ ಬಂದ ಮಾತ್ರಕ್ಕೆ ಇಂಜಿನ್ ಹೋಯಿತು ಅಂತಲೂ ಅಲ್ಲ. ಲೈಟಿನ ಹಿಂದೆ ಇರುವುದು ಒಂದು ಸೆನ್ಸರ್, ಒಂದು ವೈರ್, ಒಂದು ಕನೆಕ್ಟರ್. ಕನೆಕ್ಟರಿನೊಳಗೆ ಆಯಿಲ್ ಇಳಿದಿದ್ದರೂ ತಪ್ಪು ಲೆಕ್ಕ ತೋರಿಸುತ್ತದೆ. ಮೊದಲು ಡಿಪ್ ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿ. ಆಮೇಲೆ ಸೆನ್ಸರ್ ಬಿಚ್ಚಿ ಅದೇ ತೂತಿಗೆ ಅಡಾಪ್ಟರ್ ಹಾಕಿ ಮುಳ್ಳಿನ ಗೇಜ್ ಕಟ್ಟಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಎಷ್ಟು, ರೇಸಿನಲ್ಲಿ ಎಷ್ಟು ಅಂತ ಬರೆದುಕೊಳ್ಳಿ. ತಣ್ಣಗಿನ ಇಂಜಿನ್ನಿನಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ, ಆ ಲೆಕ್ಕ ನಂಬಬೇಡಿ. ಉದಾಹರಣೆಗೆ ನಮ್ಮ ಕಡೆ ಬಹಳ ಓಡಿದ ಕಮಿನ್ಸ್ 5.9 ಲೀಟರ್ ಬಿ ಸೀರೀಸ್ ಇಂಜಿನ್‌ಗೆ ಬಿಸಿ ಐಡಲ್‌ನಲ್ಲಿ ಕನಿಷ್ಠ 10 ಪಿಎಸ್‌ಐ (ಇದು ಒತ್ತಡದ ಇನ್ನೊಂದು ಅಳತೆ), ಪೂರ್ತಿ ಸ್ಪೀಡಿನಲ್ಲಿ ಕನಿಷ್ಠ 30 ಪಿಎಸ್‌ಐ ಇರಬೇಕು ಅಂತ ಕಂಪನಿಯೇ ಹೇಳುತ್ತದೆ. ಇದು ಗೊತ್ತಿಲ್ಲದವರು ಬಿಸಿ ಐಡಲ್‌ನಲ್ಲಿ 15 ಪಿಎಸ್‌ಐ ನೋಡಿ ಗಾಬರಿಯಾಗುತ್ತಾರೆ, ಆ ಗಾಬರಿಯಲ್ಲಿ ಸರಿ ಇರುವ ಇಂಜಿನ್ ಕೂಡ ಬಿಚ್ಚಿಸಿಕೊಳ್ಳುತ್ತಾರೆ.

ಆಯಿಲ್ ಪಂಪ್ ಮಾಡುವುದು ಆಯಿಲನ್ನು ತಳ್ಳುವ ಕೆಲಸ ಮಾತ್ರ. ತಳ್ಳಿದ ಆಯಿಲ್ ಬೇರಿಂಗಿನ ಸಣ್ಣ ಸಂದುಗಳಲ್ಲಿ ಸುಲಭವಾಗಿ ಹೊರಗೆ ಹೋಗಲಾರದೆ ತಡೆಯುವುದರಿಂದಲೇ ಒತ್ತಡ ಹುಟ್ಟುತ್ತದೆ. ಹಾಗಾಗಿ ಒತ್ತಡ ಇಳಿದರೆ ಮೂರು ಕಡೆ ನೋಡಬೇಕು: ಆಯಿಲ್ ಪಂಪಿಗೆ ಸಾಕಷ್ಟು ಬರುತ್ತಿಲ್ಲವೇ, ದಾರಿಯಲ್ಲಿ ಎಲ್ಲೋ ಸೋರುತ್ತಿದೆಯೇ, ಅಥವಾ ಆಯಿಲೇ ತೆಳ್ಳಗಾಗಿದೆಯೇ. ಗೇಜ್ ನಡವಳಿಕೆಯೇ ಬಹಳಷ್ಟು ಹೇಳುತ್ತದೆ. ಬಿಸಿ ಐಡಲ್‌ನಲ್ಲಿ ಮಾತ್ರ ಕಡಿಮೆ, ರೇಸ್ ಕೊಟ್ಟರೆ ಸರಿ ಅಂದರೆ ಆಯಿಲ್ ತೆಳ್ಳಗಾಗಿದೆ ಇಲ್ಲವೇ ಬೇರಿಂಗ್ ಸವೆದಿದೆ. ಎಲ್ಲ ಸ್ಪೀಡಿನಲ್ಲೂ ಕಡಿಮೆ ಅಂದರೆ ಹೆಚ್ಚಾದ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ತೆರೆದು ಸಿಕ್ಕಿಕೊಂಡಿರಬಹುದು, ಒಂದು ಸಣ್ಣ ಲೋಹದ ಚೂರು ಸಾಕು. ರೇಸ್ ಜಾಸ್ತಿ ಮಾಡಿದಂತೆ ಒತ್ತಡ ಇಳಿದರೆ ಚೇಂಬರಿನೊಳಗಿನ, ಅಂದರೆ ಇಂಜಿನ್ ಕೆಳಗೆ ಆಯಿಲ್ ನಿಲ್ಲುವ ತೊಟ್ಟಿಯೊಳಗಿನ, ಜಾಲರಿ ಕಟ್ಟಿದೆ. ಜಾಲರಿ ಕಟ್ಟೋಕೆ ಒಂದು ಸಾಮಾನ್ಯ ಕಾರಣ ನಮ್ಮವರೇ. ಚೇಂಬರ್ ಹಾಕುವಾಗ ಸಿಲಿಕಾನ್ ಪೇಸ್ಟನ್ನು ಕೈಗೆ ಬಂದಷ್ಟು ಬಳಿಯುತ್ತಾರೆ, ಒಳಗೆ ಉಬ್ಬಿಕೊಂಡ ಪೇಸ್ಟ್ ಒಣಗಿ ಕಿತ್ತು ಜಾಲರಿಗೆ ಅಂಟಿಕೊಳ್ಳುತ್ತದೆ.

ಬೇರಿಂಗ್ ಹೋಗಿದೆಯಾ ಇಲ್ವಾ ಅನ್ನೋದಕ್ಕೂ ಇಂಜಿನ್ ಇಳಿಸಬೇಕಾಗಿಲ್ಲ. ಹಳೆ ಆಯಿಲ್ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಹೊಳೆಯುವ ಬಿಳಿ ಪದರದ ಚೂರು ಕಂಡರೆ ಬೇರಿಂಗಿನ ಮೇಲ್ಪದರ ಹೋಗುತ್ತಿದೆ, ತಾಮ್ರದ ಬಣ್ಣ ಕಂಡರೆ ಅದರ ಕೆಳಗಿನ ಪದರಕ್ಕೂ ಬಂದಿದೆ. ಬರೀ ಕಪ್ಪು ಮಸಿ ಇದ್ದರೆ ಧೈರ್ಯವಾಗಿರಬಹುದು. ಅನುಮಾನ ಉಳಿದರೆ ಚೇಂಬರ್ ಇಳಿಸಿ ಒಂದೆರಡು ಬೇರಿಂಗ್ ಕ್ಯಾಪ್ ಬಿಚ್ಚಿ ಒಳಗಿನ ಶೆಲ್ ನೋಡಬಹುದು, ಬಹಳಷ್ಟು ಲಾರಿಗಳಲ್ಲಿ ಇಂಜಿನ್ ಚಾಸಿಯಲ್ಲೇ ಇರುವಾಗ ಇದು ಆಗುತ್ತದೆ.

ಒಂದು ಗಾಡಿಯ ವಿಷಯ ಹೇಳಲೇಬೇಕು. ರಾಣೆಬೆನ್ನೂರು ಕಡೆಯಿಂದ ನಾಮಕ್ಕಲ್‌ಗೆ ಕೋಳಿ ಆಹಾರಕ್ಕೆ ಮೆಕ್ಕೆಜೋಳ ಹೊತ್ತು ಹೊರಟಿದ್ದ ಹತ್ತು ಚಕ್ರದ ಲಾರಿ. ಐಡಲ್‌ಗೆ ಬಂದರೆ ಆಯಿಲ್ ಲೈಟ್ ಮಿಣುಕುತ್ತಿತ್ತು. ದಾರಿಯಲ್ಲಿ ಒಂದು ಕಡೆ ತೋರಿಸಿದ್ದಾರೆ. ಮೇನ್ ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು, ಲಕ್ಷಗಟ್ಟಲೆ ಆಗುತ್ತದೆ ಅಂದಿದ್ದಾರೆ. ಅಲ್ಲಿ ಗೇಜ್ ಕಟ್ಟಿರಲಿಲ್ಲ. ಡ್ರೈವರ್ ನನ್ನ ಹತ್ತಿರ ಬಂದು, 'ಮೇಸ್ತ್ರಿ, ಆಯಿಲ್ ಕಮ್ಮಿ ಆಗಿಲ್ಲ, ಹಾಕಿದ್ದಕ್ಕಿಂತ ಜಾಸ್ತಿನೇ ಇದೆ, ಆದ್ರೂ ಲೈಟ್ ಬರ್ತಿದೆ' ಅಂದ. ಅವನು ಹೇಳಿದ ಆ ಮಾತಿನಲ್ಲೇ ಉತ್ತರ ಇತ್ತು. ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ, ಏನೋ ಬಂದು ಸೇರಿದರೆ ಮಾತ್ರ ಹೆಚ್ಚಾಗುತ್ತದೆ.

ಡಿಪ್ ಸ್ಟಿಕ್ ಎಳೆದರೆ ಮೇಲಿನ ಗುರುತಿಗಿಂತ ಎರಡು ಬೆರಳು ಮೇಲೆ. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಬಿಳಿ ಬ್ಲಾಟಿಂಗ್ ಪೇಪರ್ ಮೇಲೆ ಒಂದು ಹನಿ ಬಿಟ್ಟೆ. ನಡುವೆ ಕಪ್ಪು ಚುಕ್ಕೆ ನಿಂತು, ಅದರ ಸುತ್ತ ತೆಳು ಹಳದಿ ಉಂಗುರ ಅಗಲವಾಗಿ ಹರಡಿತು, ಡೀಸೆಲ್ ಬೆರೆತದ್ದರ ಗುರುತು ಅದು. ಗೇಜ್ ಕಟ್ಟಿದರೆ ಬಿಸಿ ಐಡಲ್‌ನಲ್ಲಿ 10 ಪಿಎಸ್‌ಐಗಿಂತ ಕೆಳಗೆ. ಫಿಲ್ಟರ್ ಕತ್ತರಿಸಿದೆವು, ಲೋಹದ ಚೂರು ಇರಲಿಲ್ಲ. ಡ್ರೈನ್ ಬೋಲ್ಟ್ ತೆಗೆದರೆ ಆಯಿಲ್ ನೀರಿನ ಹಾಗೆ ಸುರಿಯಿತು. ಹೊಸ 15ಡಬ್ಲ್ಯೂ-40 ಆಯಿಲ್, ಹೊಸ ಫಿಲ್ಟರ್ ಹಾಕಿ ಬಿಸಿ ಮಾಡಿದಾಗ ಮುಳ್ಳು ಮೇಲೆ ಹೋಗಿ ನಿಂತಿತು. ಅಂದರೆ ಬೇರಿಂಗ್ ಚೆನ್ನಾಗಿದೆ, ರೋಗ ಇರುವುದು ಡೀಸೆಲ್ ಕಡೆ.

ಅಲ್ಲಿಗೇ ನಿಲ್ಲಿಸಿ ಕಳಿಸಿದ್ದರೆ ಸ್ವಲ್ಪ ದಿನಕ್ಕೆ ಹೊಸ ಆಯಿಲೂ ಹಾಳಾಗುತ್ತಿತ್ತು. ಡೀಸೆಲ್ ಎಲ್ಲಿಂದ ಇಳಿಯುತ್ತಿದೆ ಅಂತ ಹುಡುಕಬೇಕು. ಹನಿಸುವ ಇಂಜೆಕ್ಟರ್ ಒಂದು ದಾರಿ, ಆಗ ಬಿಳಿ ಹೊಗೆ, ಮಿಸ್ಸಿಂಗ್ ಇರುತ್ತದೆ. ಇದರಲ್ಲಿ ಅದಿರಲಿಲ್ಲ. ಬ್ಲಾಕಿಗೆ ಕೂರಿಸಿದ ಫೀಡ್ ಪಂಪಿನ ಹಳೆ ಇಂಜಿನ್ ಆಗಿದ್ದರೆ ಅದರ ಸೀಲ್ ನೋಡುತ್ತಿದ್ದೆ. ಇದು ಗೇರಿನಿಂದ ತಿರುಗುವ ಹೈ ಪ್ರೆಶರ್ ಪಂಪ್, ಅದರ ಮೂತಿ ಇಂಜಿನ್ನಿನ ಗೇರುಗಳಿರುವ ಟೈಮಿಂಗ್ ಕೇಸಿನೊಳಗೆ ಇರುತ್ತದೆ, ಅಲ್ಲಿ ಸೋರಿದ್ದು ಚೇಂಬರಿಗೇ ಇಳಿಯುತ್ತದೆ. ಪಂಪ್ ಬಿಚ್ಚಿ, ಒರೆಸಿ, ಬೆಂಚ್ ಮೇಲಿಟ್ಟು, ಫೀಡ್ ಕಡೆಯಿಂದ ಕೈಪಂಪಿನಲ್ಲಿ ಸ್ವಲ್ಪ ಒತ್ತಡ ಕೊಟ್ಟು ಕಾದೆವು. ಶಾಫ್ಟಿನ ಬುಡದಲ್ಲಿ ಸೀಲಿನ ಅಂಚಿನಿಂದ ಒಂದು ಹನಿ ಮೂಡಿತು, ಉಬ್ಬಿತು, ಬಿತ್ತು. ಆಮೇಲೆ ಇನ್ನೊಂದು. ಕಾರಣ ಆ ಸೀಲ್. ಪಂಪ್ ಅಂಗಡಿಯಲ್ಲಿ ಸೀಲ್ ಹಾಕಿಸಿ ಟೆಸ್ಟ್ ಬೆಂಚಿನಲ್ಲಿ ನೋಡಿಸಿ ತಂದು ಕೂರಿಸಿದೆವು. ಜೋಳದ ಲಾರಿ ನಾಮಕ್ಕಲ್‌ಗೆ ಹೋಯಿತು. ಇಂಜಿನ್ ಇಳಿಸಿದ್ದರೂ ಹೊಸ ಬೇರಿಂಗ್ ಹಾಕಿ, ಹೊಸ ಆಯಿಲ್ ತುಂಬಿ, ಅದೇ ಪಂಪನ್ನು ಮತ್ತೆ ಕೂರಿಸುತ್ತಿದ್ದರು. ಡೀಸೆಲ್ ಮತ್ತೆ ಇಳಿಯುತ್ತಿತ್ತು. ಹೊಸ ಬೇರಿಂಗ್ ನಿಜಕ್ಕೂ ಹೋಗುತ್ತಿತ್ತು.

ಹೊಗೆ ಮಾಲಿನ್ಯದ ಬಿಎಸ್-6 ನಿಯಮದ ಗಾಡಿಗಳಲ್ಲಿ ಈ ವಿಷಯಕ್ಕೆ ಇನ್ನೂ ಜಾಸ್ತಿ ಗಮನ ಬೇಕು. 2020ರ ಏಪ್ರಿಲ್ 1ರಿಂದ ಬಂದ ಈ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಮಸಿ ಸುಡೋಕೆ ಹೆಚ್ಚಿನ ಡೀಸೆಲ್ ಬೇಕು. ಕೆಲವು ಇಂಜಿನ್‌ಗಳು ಆ ಡೀಸೆಲನ್ನು ಸಿಲಿಂಡರಿನೊಳಗೇ ತಡವಾಗಿ ಬಿಡುತ್ತವೆ. ಅದರಲ್ಲಿ ಒಂದಷ್ಟು ಸಿಲಿಂಡರ್ ಗೋಡೆಗೆ ಅಂಟಿ ರಿಂಗ್ ದಾಟಿ ಚೇಂಬರಿಗೆ ಇಳಿಯುತ್ತದೆ. ಊರೊಳಗೇ ಓಡಾಡುವ, ಹೀಗೆ ಮಸಿ ಸುಡುವ ರೀಜನರೇಷನ್ ಅರ್ಧದಲ್ಲಿರುವಾಗ ಆಫ್ ಮಾಡುವ ಗಾಡಿಗಳಲ್ಲಿ ಇದು ಹೆಚ್ಚು. ಡ್ರೈವರ್ ದಿನಾ ಡಿಪ್ ಸ್ಟಿಕ್ ನೋಡುವಾಗ ಕಡಿಮೆಯಾಗಿದೆಯಾ ಅಂತ ಮಾತ್ರ ಅಲ್ಲ, ಹೆಚ್ಚಾಗಿದೆಯಾ ಅಂತಲೂ ನೋಡಬೇಕು. ಆಯಿಲ್ ಕೂಡ ಕಡಿಮೆ ಬೂದಿಯ ಸಿಕೆ-4 ದರ್ಜೆಯ ಥರದ್ದು ಬೇಕು, ಕೈಪಿಡಿ ಏನು ಹೇಳುತ್ತದೋ ಅದೇ. ಹಳೆ ಗಾಡಿಗೆ ತಂದ ಡಬ್ಬಿಯಲ್ಲಿ ಉಳಿದಿದ್ದನ್ನು ಸುರಿದರೆ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ, ಅದನ್ನು ಸುಡೋಕೆ ಆಗಲ್ಲ.

ಡೀಸೆಲಿನ ಬಗ್ಗೆಯೂ ಒಂದು ಮಾತು. ಬಿಎಸ್-6 ಡೀಸೆಲಿನಲ್ಲಿ ಗಂಧಕ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 10 ಭಾಗ ಮಾತ್ರ, ಹಿಂದಿನ ಬಿಎಸ್-4ರಲ್ಲಿ 50 ಇತ್ತು. ಗಂಧಕ ತೆಗೆಯುವಾಗ ಡೀಸೆಲಿನ ಜಾರುವ ಗುಣವೂ ಕಡಿಮೆಯಾಗುತ್ತದೆ, ಅದಕ್ಕೆ ಬೇರೆ ವಸ್ತು ಸೇರಿಸಿ ಸರಿ ಮಾಡಿರುತ್ತಾರೆ. ಪಂಪಿಗೂ ಇಂಜೆಕ್ಟರಿಗೂ ಬೇರೆ ಆಯಿಲ್ ಇಲ್ಲ, ಡೀಸೆಲೇ ಅವಕ್ಕೆ ಎಣ್ಣೆ. ಹೆದ್ದಾರಿ ಪಕ್ಕ ಕ್ಯಾನಿನಲ್ಲಿ ಕಡಿಮೆ ಬೆಲೆಗೆ ಸಿಗುವುದನ್ನು ತುಂಬಿಸಿದರೆ ಲೀಟರಿಗೆ ಉಳಿಯುವ ನಾಲ್ಕು ಕಾಸಿಗೆ ಪಂಪ್ ಬಲಿ ಕೊಟ್ಟಂತೆ. ಬಂಕ್‌ನಲ್ಲಿ ಅನುಮಾನ ಬಂದರೆ ಸಾಂದ್ರತೆ ತೋರಿಸಿ ಅಂತ ಕೇಳಿ. ಅದಕ್ಕೆ ಹೈಡ್ರೋಮೀಟರ್ ಇಟ್ಟಿರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು.

ಈಗ ನಾನು ಕೇಳುವುದು. ಲಾರಿ ಮಾಲೀಕರೇ, ದೊಡ್ಡ ಷೋರೂಮಿನ ವರ್ಕ್‌ಶಾಪ್ ಇರಲಿ, ರಸ್ತೆ ಪಕ್ಕದ ಗ್ಯಾರೇಜ್ ಇರಲಿ, ಬಿಚ್ಚುವ ಮೊದಲಿನ ಪ್ರೆಶರ್ ಎಷ್ಟು, ರಿಪೇರಿ ಆದ ಮೇಲೆ ಎಷ್ಟು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಫೀಡ್ ಪ್ರೆಶರ್, ರೈಲ್ ಪ್ರೆಶರ್, ಬಿಸಿ ಐಡಲ್‌ನ ಆಯಿಲ್ ಪ್ರೆಶರ್, ಇಷ್ಟು ಸಾಕು. ಬರೆಯಲ್ಲ ಅಂದರೆ ಅಳೆದಿಲ್ಲ ಅಂತಲೇ ಅರ್ಥ. ತೆಗೆದ ಹಳೆ ಪಾರ್ಟ್‌ಗಳನ್ನು ಕೇಳಿ ತೆಗೆದುಕೊಳ್ಳಿ.

ಮೇಸ್ತ್ರಿ ಬಂಧುಗಳೇ, ಗೇಜ್ ಸೆಟ್ಟಿಗೆ ಖರ್ಚು ಮಾಡೋಕೆ ಹಿಂದೆಮುಂದೆ ನೋಡಬೇಡಿ. ಚೆಕ್ ಮಾಡುವುದಕ್ಕೂ ದುಡ್ಡು ಕೇಳಿ. ಅರ್ಧ ದಿನ ಹುಡುಕಿ ವಾಷರ್ ಬದಲಿಸಿದ್ದಕ್ಕೆ ಕೂಲಿ ಕೊಡದೆ, ಇಂಜೆಕ್ಟರ್ ಸೆಟ್ ಬದಲಿಸಿದವನಿಗೆ ಮರುಮಾತಿಲ್ಲದೆ ಕೊಡುವ ಮಾಲೀಕರು ನಮ್ಮನ್ನು ತಪ್ಪು ದಾರಿಗೆ ತಳ್ಳುತ್ತಾರೆ. ಈ ತಪ್ಪು ಎರಡೂ ಕಡೆ ಇದೆ, ಹುಡುಕಿದ ಕೆಲಸಕ್ಕೆ ಬೆಲೆ ಸಿಕ್ಕರೆ ಮಾತ್ರ ಹುಡುಕುವವರು ಉಳಿಯುತ್ತಾರೆ.

ಕಂಪನಿಗಳು ತಮ್ಮ ಇಂಜಿನ್ನಿನ ಪ್ರೆಶರ್ ಲೆಕ್ಕಗಳನ್ನು, ರಿಟರ್ನ್ ಟೆಸ್ಟ್ ಮಿತಿಗಳನ್ನು, ಇಂಜೆಕ್ಟರ್ ಕೋಡ್ ಬರೆಯುವ ಸೌಲಭ್ಯವನ್ನು ಹೊರಗಿನ ಗ್ಯಾರೇಜ್‌ಗಳಿಗೂ ನ್ಯಾಯವಾದ ಬೆಲೆಗೆ ಕೊಡಬೇಕು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತ್ತು. ಲಾರಿ ಕೆಡುವುದು ಷೋರೂಮಿನ ಮುಂದಲ್ಲ, ಹಿರಿಯೂರು ದಾಟಿದ ಮೇಲೆ ರಾತ್ರಿ ಎರಡು ಗಂಟೆಗೆ. ಅಲ್ಲಿ ಕೈ ಹಾಕುವ ಮೇಸ್ತ್ರಿಗೆ ಆ ಲೆಕ್ಕ ಗೊತ್ತಿರಬೇಕಲ್ವಾ? ಐಟಿಐಗಳ ಮೆಕ್ಯಾನಿಕ್ ಡೀಸೆಲ್ ವಿಭಾಗದಲ್ಲಿ ಓದುವ ಪ್ರತಿ ಹುಡುಗನೂ ಹುಡುಗಿಯೂ ಓಡುವ ಕಾಮನ್ ರೈಲ್ ಇಂಜಿನ್ ಮೇಲೆ ಗೇಜ್ ಕಟ್ಟಿ, ಬಾಟಲಿ ಹಿಡಿದು, ತಾವೇ ಲೆಕ್ಕ ಬರೆದು ಹೊರಗೆ ಬರುವಂತೆ ಆಗಬೇಕು.

ಕೊನೆಯದಾಗಿ ನಿಮ್ಮಲ್ಲೇ ಒಂದು ಮನವಿ. ಪತ್ರಿಕೆಗಳ ವಾಹನ ಪುಟದಲ್ಲಿ ಹೊಸ ಕಾರು, ಹೊಸ ಬೈಕು, ಅದರ ಬಣ್ಣ, ಬೆಲೆ ಎಲ್ಲ ಬರುತ್ತದೆ. ತಿಂಗಳಿಗೆ ಒಂದು ಸಲವಾದರೂ ಅರ್ಧ ಪುಟ ಲಾರಿ, ಟ್ರ್ಯಾಕ್ಟರ್, ಬಸ್ಸಿನ ರಿಪೇರಿಗೆ ಕೊಡಿ. ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿವೆ. ನಮ್ಮ ಹುಡುಗರು ಓದುವುದು ಕನ್ನಡ ಪೇಪರ್, ಅದೂ ಟೀ ಅಂಗಡಿಯಲ್ಲಿ. ಬರೆಯುವವರು ಬೇಕಿದ್ದರೆ ರಾಜ್ಯದ ಹೆದ್ದಾರಿಗಳ ಉದ್ದಕ್ಕೂ ಒಳ್ಳೊಳ್ಳೆ ಮೇಸ್ತ್ರಿಗಳಿದ್ದಾರೆ, ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಮೊದಲ ಲೇಖನ ಹೈ ಪ್ರೆಶರ್ ಡೀಸೆಲ್ ಕೈಗೆ ಹೊಡೆದರೆ ಏನು ಮಾಡಬೇಕು ಅನ್ನುವುದರ ಮೇಲೆ ಇರಲಿ, ಒಬ್ಬ ಸರ್ಜನ್ ಹತ್ತಿರ ಬರೆಸಿ. ಅದನ್ನು ಕತ್ತರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ಒಬ್ಬ ಡೀಸೆಲ್ ಲಾರಿ ಮೇಸ್ತ್ರಿ, ಚಿತ್ರದುರ್ಗ